ಅಂಟಿನ ಆವಿ ಮತ್ತು ನಮ್ಮ ವಿಜ್ಞಾನ ಪ್ರದರ್ಶನಗಳು

ಪ್ರತಿವರ್ಷ ವಿಜ್ಞಾನ ಪ್ರದರ್ಶನದ ದಿನ ಸಮೀಪಿಸಿತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಒಂದು ಬಗೆಯ ಹುರುಪು ಮೂಡುವುದುಂಟು. ಅಣೆಕಟ್ಟು, ಗಾಳಿಯಂತ್ರ, ಸೌರವ್ಯೂಹ, 2023ರಿಂದೀಚೆಗೆ ತಪ್ಪದೆ ಒಂದು ಚಂದ್ರಯಾನ, ಹೀಗೆ ಮಕ್ಕಳ ಕೈಯಲ್ಲಿ ರೂಪುಗೊಂಡ ಮಾದರಿಗಳನ್ನು ಪೂಜ್ಯ ಶ್ರೀಗಳವರು ವೀಕ್ಷಿಸಿ ಹರಸುತ್ತಾರೆ, ಅತಿಥಿಗಳು ಕೊಂಡಾಡುತ್ತಾರೆ, ಪಾಲಕರು ಭಾವಚಿತ್ರ ತೆಗೆದುಕೊಳ್ಳುತ್ತಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆ ಮಾದರಿಗಳು ಸಿದ್ಧಗೊಂಡ ಕೋಣೆಯನ್ನು ಹಿಂದಿನ ರಾತ್ರಿ ಹೊಕ್ಕು ನೋಡಿದವರು ವಿರಳ. ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ, ನೆಲದ ಮೇಲೆ ಹರಡಿದ ಥರ್ಮೋಕೋಲ್, ಅದರ ಸುತ್ತ ಬಗ್ಗಿ ಕುಳಿತ ಏಳೆಂಟು ಮಕ್ಕಳು, ಬಾಗಿಲು ತೆರೆದೊಡನೆ ಮೂಗಿಗೆ ರಾಚುವ ಅಂಟಿನ ಘಾಟು. ಈ ಘಾಟನ್ನು ಕುರಿತು ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಹಾಗೂ ದಾನಿಗಳು, ಈ ಮೂವರ ಮುಂದೆಯೂ ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದು ನನ್ನ ಅಪೇಕ್ಷೆ.

ಅಂಟೆಂದರೆ ಎಲ್ಲವೂ ಒಂದೇ ಅಲ್ಲ. ಬಡಗಿಗಳು ಬಳಸುವ ಬಿಳಿಯ ಅಂಟು ನೀರಿನಲ್ಲಿ ಬೆರೆತಿರುವಂಥದು. ಅದು ಒಣಗುವಾಗ ಹೊರಗೆ ಹೋಗುವುದು ಬಹುಮಟ್ಟಿಗೆ ನೀರಿನ ಆವಿ. ಚರ್ಮ, ರೆಕ್ಸಿನ್‌ಗಳಿಗೆ ಹಚ್ಚುವ ರಬ್ಬರಿನ ಅಂಟು, ಪಂಕ್ಚರ್ ಅಂಗಡಿಯ ಸಲ್ಯೂಷನ್, ಪಿ.ವಿ.ಸಿ. ಪೈಪು ಜೋಡಿಸುವ ಸಲ್ಯೂಷನ್, ಇವುಗಳ ಮಾತೇ ಬೇರೆ. ಇವುಗಳಲ್ಲಿ ಟೊಲುಯೀನ್, ಅಸಿಟೋನ್, ಬ್ಯೂಟನೋನ್, ಹೆಕ್ಸೇನ್ ಮೊದಲಾದ ದ್ರಾವಕಗಳಲ್ಲಿ ಯಾವುದಾದರೊಂದೋ ಎರಡೋ ಇರುತ್ತವೆ. ಅಂಟು ಬೇಗ ಹಿಡಿಯಿತು ಎಂದು ನಾವು ಮೆಚ್ಚಿಕೊಂಡರೆ ದ್ರಾವಕ ಬೇಗ ಹಾರಿತು ಎಂದೇ ಅದರ ಅರ್ಥ. ಹಾರಿದ್ದು ಹೋಗುವುದಾದರೂ ಎಲ್ಲಿಗೆ? ಮುಚ್ಚಿದ ಕೋಣೆಯಲ್ಲಿ ಅದು ಅಲ್ಲೇ ನಿಲ್ಲುತ್ತದೆ, ಮಕ್ಕಳ ಉಸಿರಿನೊಂದಿಗೆ ಒಳಗೆ ಇಳಿಯುತ್ತದೆ.

ಎಷ್ಟು ಇಳಿದೀತು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಉದ್ದ, ಅಗಲ, ಎತ್ತರ ಮೂರೂ 10 ಅಡಿಯಿರುವ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 28 ಘನಮೀಟರ್. ದಿನಕ್ಕೆ 8 ತಾಸು ದುಡಿಯುವ ವಯಸ್ಕ ಕಾರ್ಮಿಕನಿಗೆ, ಹತ್ತು ಲಕ್ಷ ಭಾಗ ಗಾಳಿಯಲ್ಲಿ ಟೊಲುಯೀನ್ 20 ಭಾಗವನ್ನು ಮೀರದಿರಲಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯತಜ್ಞರ ಸಂಸ್ಥೆ ಸಲಹೆ ಮಾಡಿದೆ. ಒಂದು ಘನಮೀಟರಿಗೆ ಇದು ಸುಮಾರು 75 ಮಿಲಿಗ್ರಾಂ ಆಗುತ್ತದೆ. ಎಂದರೆ ನಮ್ಮ ಕೋಣೆಯಲ್ಲಿ ಕೇವಲ 2 ಗ್ರಾಂಗಿಂತ ತುಸು ಹೆಚ್ಚು ಟೊಲುಯೀನ್ ಹಾರಿದರೆ ಸಾಕು, ಆ ಮಿತಿ ಮುಟ್ಟಿತು. ಅರ್ಧ ಟೀ ಚಮಚದಷ್ಟು! ಮಕ್ಕಳು ಒಂದು ಸಂಜೆಗೆ ಖಾಲಿ ಮಾಡುವ ಅಂಟಿನ ಡಬ್ಬಿಯನ್ನು ನೆನೆದರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂಬುದು ತಾನಾಗಿ ತಿಳಿಯುತ್ತದೆ. ಮಕ್ಕಳಾದರೋ ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತಾರೆ. ಕೆಲಸದ ಮೇಲೆ ಮುಖವಿಟ್ಟು ಬಗ್ಗಿರುತ್ತಾರೆ. ಟೊಲುಯೀನಿನ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದುದರಿಂದ ನೆಲದಲ್ಲಿ ಕುಳಿತು ಕೆಲಸ ಮಾಡುವ ನಮ್ಮ ರೂಢಿಯೂ ಇಲ್ಲಿ ಅನುಕೂಲಕರವಲ್ಲ.

ತಲೆನೋವು, ತಲೆಸುತ್ತು, ಕಣ್ಣುರಿ, ಓಕರಿಕೆ, ಒಂದು ಬಗೆಯ ಮಂಕು ಇವು ಮೊದಲ ಸೂಚನೆಗಳು. ಮಕ್ಕಳು ಇವನ್ನು ನಿದ್ರೆಗೆಟ್ಟ ಫಲವೆಂದು ತಿಳಿದು ಸುಮ್ಮನಾಗುತ್ತಾರೆ. ಇದಕ್ಕಿಂತ ಮೋಸದ ಸಂಗತಿ ಮೂಗಿನದು. ಹದಿನೈದು ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ಒಳಗಿದ್ದವರು “ಈಗ ವಾಸನೆಯೇ ಇಲ್ಲ ಸರ್” ಎನ್ನುತ್ತಾರೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದುದರಿಂದ ಇಂಥ ಕೋಣೆಯ ಸ್ಥಿತಿಯನ್ನು ಅಳೆಯಬೇಕಾದವರು ಹೊರಗಿನಿಂದ ಬರುವ ಶಿಕ್ಷಕರೇ ಹೊರತು ಒಳಗೆ ಕುಳಿತ ಮಕ್ಕಳಲ್ಲ. ಬೆಂಕಿಯ ಭಯವೂ ಉಂಟು. ನಮ್ಮ ನಾಡಿನ ಯಾವ ಋತುವಿನಲ್ಲಾದರೂ ಟೊಲುಯೀನಿನ ಮೇಲ್ಮೈಯಿಂದ ಏಳುವ ಆವಿ ಹೊತ್ತಿಕೊಳ್ಳಬಲ್ಲದು. ಕರೆಂಟು ಹೋದಾಗ ಮೇಣದ ಬತ್ತಿ ಹಚ್ಚಿ ಅಂಟಿಸುವ ಕೆಲಸ ಮುಂದುವರಿಸುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

“ನಮ್ಮ ಕಾಲದಲ್ಲಿಯೂ ಇದೇ ಅಂಟು ಬಳಸಿದೆವು, ಏನೂ ಆಗಲಿಲ್ಲ” ಎನ್ನುವ ಹಿರಿಯ ಮಿತ್ರರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದು ಸಂಜೆಯ ಕೆಲಸದಿಂದ ಯಾರಿಗೂ ಮಹಾವ್ಯಾಧಿ ತಗಲುವುದಿಲ್ಲ. ಮಕ್ಕಳನ್ನು ಹೆದರಿಸಿ ಕೈಗೆಲಸದಿಂದ ದೂರ ಮಾಡುವುದು ನನ್ನ ಉದ್ದೇಶವೂ ಅಲ್ಲ. ಆದರೆ ಇಸ್ತಾಂಬುಲ್ ನಗರದ ಚಪ್ಪಲಿ ಹೊಲಿಯುವವರ ಕಥೆಯನ್ನು ಅವರು ಕೇಳಿರಲಾರರು. ಗಾಳಿಯಾಡದ ಪುಟ್ಟ ಅಂಗಡಿಗಳಲ್ಲಿ, ಬೆಂಜೀನ್ ಬೆರೆತ ಅಂಟು ಹಚ್ಚುತ್ತ ವರ್ಷಗಟ್ಟಲೆ ದುಡಿದ ಆ ಕುಶಲಕರ್ಮಿಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಂಡುದನ್ನು ಮುಜಾಫರ್ ಅಕ್ಸೊಯ್ ಎಂಬ ಟರ್ಕಿಯ ವೈದ್ಯರು 1974ರಲ್ಲಿ ಪ್ರಕಟಿಸಿದರು. ಟೊಲುಯೀನ್ ಬೆಂಜೀನ್ ಅಲ್ಲ, ನಿಜ. ನಮ್ಮ ಮಕ್ಕಳು ವರ್ಷವಿಡೀ ಅಂಟಿನೊಡನೆ ಬಾಳುವವರೂ ಅಲ್ಲ. ಆದರೂ ಅಲ್ಲಿ ಕೇಡನ್ನು ಹೆಚ್ಚಿಸಿದ್ದು ಅಂಟಿನಷ್ಟೇ ಆ ಕೋಣೆ ಕೂಡ. ಕೋಣೆಯ ವಿಷಯದಲ್ಲಿ ನಾವು ಅವರಿಗಿಂತ ಮುಂದೆ ಹೋಗಿದ್ದೇವೆಯೇ?

ವಿದೇಶಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಈ ವಿಷಯ ಅಪರಿಚಿತವಲ್ಲ. ಚಳಿಯ ದೇಶಗಳಲ್ಲಿ, ಕಿಟಕಿ ತೆರೆಯಲಾಗದ ತಿಂಗಳುಗಳಲ್ಲೇ ಮಕ್ಕಳು ಮನೆಯೊಳಗೆ ಕುಳಿತು ಪ್ಲಾಸ್ಟಿಕ್ ವಿಮಾನ, ಹಡಗುಗಳ ಕಿಟ್ ಜೋಡಿಸುತ್ತಾರೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲಿ ಇವುಗಳನ್ನು ಮನೆಮಾತಾಗಿಸಿತು. ಇವುಗಳ ಬಿಡಿಭಾಗ ಪಾಲಿಸ್ಟೈರೀನ್. ಅದರ ಅಂಟು ನಿಜವಾಗಿ ಅಂಟೇ ಅಲ್ಲ. ಅದು ಪ್ಲಾಸ್ಟಿಕ್ಕಿನ ಎರಡು ಅಂಚುಗಳನ್ನು ಕರಗಿಸಿ ಒಂದಾಗಿಸುವ ದ್ರಾವಕ. ಆದುದರಿಂದ ಹೆಚ್ಚು ಹಚ್ಚಿದರೆ ಹೆಚ್ಚು ಬಿಗಿಯಾಗುತ್ತದೆಂಬುದು ಭ್ರಮೆ. ಎರಡು ಭಾಗಗಳನ್ನು ಮೊದಲು ಕೂಡಿಸಿ ಹಿಡಿದು, ಸಣ್ಣ ಕುಂಚದ ತುದಿಯಿಂದ ಬಿರುಕಿಗೆ ಒಂದು ಹನಿ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಕೆಲಸ ಅಚ್ಚುಕಟ್ಟು, ಆವಿಯೂ ಅಲ್ಪ. ಈ ಅಂಟನ್ನು ಬೇಕೆಂದೇ ಮೂಸುವ ಚಟ ಅಮೆರಿಕದ ಎಳೆಯರಲ್ಲಿ ಹಬ್ಬಿದಾಗ, ಟೆಸ್ಟರ್ ಎಂಬ ಕಂಪನಿ 1969ರಲ್ಲಿ ತನ್ನ ಅಂಟಿಗೆ ಸಾಸಿವೆಯ ಘಾಟಿನ ಎಣ್ಣೆಯನ್ನು ಬೆರೆಸಿತು. ಒಗ್ಗರಣೆಯ ಸಾಸಿವೆ ಇಂಥ ಕಾವಲಿಗೂ ಬಂದೀತೆಂದು ನಮ್ಮ ಅಡಿಗೆಮನೆಯವರು ಎಣಿಸಿರಲಿಕ್ಕಿಲ್ಲ! ಈ ಚಟ ನಮ್ಮಲ್ಲಿಲ್ಲವೆಂದು ಧೈರ್ಯವಾಗಿರುವಂತಿಲ್ಲ. ಪ್ರಸಾದನಿಲಯದ ಅಂಟಿನ ಡಬ್ಬಿಗಳು ಬೀಗದೊಳಗಿರಲಿ. ಊರಿಗೆ ಬರುವಾಗ ಶಾಲೆಗೆಂದು ಕಿಟ್‌ಗಳನ್ನು ತರುವ ಅಭಿಮಾನಿಗಳಿದ್ದರೆ, ಅಂಟಿಸದೆಯೇ ಕೂಡಿಸಬಹುದಾದ ಬಗೆಯವನ್ನೇ ತರಬೇಕೆಂದು ವಿನಂತಿ.

ಪರಿಹಾರವೆಂದು ಸಾಮಾನ್ಯವಾಗಿ ಹೇಳುವ ಕೆಲವು ಮಾತುಗಳು ಅರೆಸತ್ಯಗಳು. ಚಾವಣಿಯ ಫ್ಯಾನು ಆವಿಯನ್ನು ಕೋಣೆಯಲ್ಲಿ ಕಲಕುತ್ತದೆಯೇ ವಿನಾ ಹೊರಹಾಕುವುದಿಲ್ಲ. ಒಂದೇ ಕಿಟಕಿ ತೆರೆದರೆ ಸಾಲದು. ಎದುರುಬದುರಾಗಿ ಎರಡು ತೆರಪುಗಳು ಬೇಕು, ಒಂದರಲ್ಲಿ ಗಾಳಿಯನ್ನು ಹೊರಗೆ ನೂಕುವ ಫ್ಯಾನು ಇದ್ದರೆ ಲೇಸು, ಕೆಲಸ ಆ ಫ್ಯಾನಿನ ಹತ್ತಿರ ನಡೆಯಬೇಕು. ಕೊರೋನಾ ಕಾಲದಲ್ಲಿ ಕೊಂಡ ಮುಖಗವಸುಗಳು ಧೂಳಿಗೆ, ತುಂತುರಿಗೆ ಸರಿ. ಎನ್-95 ಕೂಡ ದ್ರಾವಕದ ಆವಿಯನ್ನು ತಡೆಯಲಾರದು. ಅಕ್ರಿಲಿಕ್ ತುಣುಕುಗಳನ್ನು ಜೋಡಿಸಲು ಪ್ರಯೋಗಾಲಯದ ಕಪಾಟಿನಿಂದ ಕ್ಲೋರೋಫಾರ್ಮ್ ಕೊಡುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದು ಇಂದೇ ನಿಲ್ಲಬೇಕು. ಎಡಿನ್‌ಬರೋದ ವೈದ್ಯ ಸಿಂಪ್ಸನ್ 1847ರಲ್ಲಿ ಪ್ರಜ್ಞೆ ತಪ್ಪಿಸಲು ಬಳಸಿದ ದ್ರವ ಅದು. ಯಕೃತ್ತಿಗೆ ಹಾನಿಕರವೆಂದು ವೈದ್ಯರೇ ಅದನ್ನು ಕೈಬಿಟ್ಟಿರುವಾಗ ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಏಕೆ?

ಆದರೆ ಕಿಟಕಿ, ಫ್ಯಾನುಗಳ ಚರ್ಚೆ ಎಷ್ಟು ಬೆಳೆದರೂ ರೋಗದ ಮೂಲ ಅಲ್ಲಿಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮೂಲವಿರುವುದು ನಮ್ಮ ವೇಳಾಪಟ್ಟಿಯಲ್ಲಿ. ಬಿಳಿಯ ಅಂಟು ಗಟ್ಟಿಯಾಗಲು ಒಂದು ರಾತ್ರಿ ಬೇಕು. ಪ್ರದರ್ಶನ ನಾಳೆಯಿದ್ದು ಮಾದರಿ ಇಂದು ಆರಂಭವಾದರೆ ಆ ರಾತ್ರಿಯನ್ನು ಕೊಡುವವರಾರು? ಘಾಟಿನ ಅಂಟನ್ನು ಮಕ್ಕಳ ಕೈಗಿತ್ತದ್ದು ನಮ್ಮ ಅವಸರ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳನ್ನು ನೋಡಿರಿ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿಯೊಡನೆ ಕಲಸಿದ ಕಿಟ್ಟದಿಂದ ಅವರು ಮೂರ್ತಿ, ಬೊಂಬೆಗಳಿಗೆ ಮೈ ಕೊಡುತ್ತಾರೆ. ಆ ಕೆಲಸದಲ್ಲಿ ಘಾಟಿಲ್ಲ, ಕಾಯುವಿಕೆ ಇದೆ. ಕಾಯಕವೆಂಬ ಪದದೊಳಗೆ ಕಾಯವೂ ಇದೆಯೆಂಬುದನ್ನು ನಮ್ಮಂಥ ಸಂಸ್ಥೆಗಳು ಮರೆಯಲಾಗದು.

ಆದುದರಿಂದ ಸಹೋದ್ಯೋಗಿಗಳಲ್ಲಿ ನನ್ನ ಸೂಚನೆ ಇಷ್ಟು. ಮಾದರಿಯ ವಿಷಯವನ್ನು ಪ್ರದರ್ಶನಕ್ಕೆ ಒಂದು ತಿಂಗಳು ಮೊದಲೇ ನಿಶ್ಚಯಿಸಬೇಕು. ಕೊನೆಯ ಮೂರು ದಿನ ಯಾವ ಅಂಟನ್ನೂ ಮುಟ್ಟುವಂತಿಲ್ಲವೆಂಬ ನಿಯಮವಿರಬೇಕು. ತೀರ್ಪುಗಾರರು ಮಾದರಿಯ ಹೊಳಪಿಗೆ ಅಂಕ ಕೊಡುವುದನ್ನು ಬಿಟ್ಟು ಅದು ಕೆಲಸ ಮಾಡುತ್ತದೆಯೇ, ಮಗು ಅದನ್ನು ವಿವರಿಸಬಲ್ಲದೇ ಎಂದು ನೋಡಬೇಕು. ಥರ್ಮೋಕೋಲ್ ವ್ಯಾಮೋಹವನ್ನೂ ಬಿಡಬಹುದು. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಕಾದ ತಂತಿಯಿಂದ ಅದನ್ನು ಕೊಯ್ಯುವಾಗ ಏಳುವ ಹೊಗೆಯೂ ಹಿತವಾದದ್ದಲ್ಲ. ರಟ್ಟು, ಬಿದಿರು, ಜೇಡಿಮಣ್ಣು, ಮೈದಾ ಸರಿ ಇವುಗಳಿಂದ ಆಗದ ಮಾದರಿ ಬಹಳ ಕಡಿಮೆ.

ದಾನಿಗಳಲ್ಲಿಯೂ ಒಂದು ಬಿನ್ನಹ. ಕಮಾನು, ವೇದಿಕೆ, ಗಡಿಯಾರ, ಕಪಾಟುಗಳನ್ನು ತಾವು ಧಾರಾಳವಾಗಿ ಕೊಟ್ಟಿದ್ದೀರಿ. ಅದಕ್ಕೆ ಸಂಸ್ಥೆ ಋಣಿಯಾಗಿದೆ. ಈ ಬಾರಿ ನಾಲ್ಕೂ ಕಡೆ ಗೋಡೆಯಿಲ್ಲದ ಒಂದು ಕೆಲಸದ ಚಪ್ಪರ ಬೇಕಾಗಿದೆ. ಕಲ್ಲಿನ ಕಂಬ, ಮೇಲೊಂದು ಹೊದಿಕೆ, ಮಕ್ಕಳ ಎದೆಯೆತ್ತರಕ್ಕೆ ಮೂರು ಉದ್ದನೆಯ ಮೇಜು, ಡಬ್ಬಿಗಳನ್ನಿಡಲು ಬೀಗವಿರುವ ಒಂದು ಪೆಟ್ಟಿಗೆ, ಇಷ್ಟೇ. ಇದರಷ್ಟು ಅಗ್ಗದ ಕಟ್ಟಡವನ್ನು ನಮ್ಮ ಆಡಳಿತ ಮಂಡಳಿ ಈವರೆಗೆ ಕಟ್ಟಿಸಿಲ್ಲ. ಹೆಸರಿನ ಫಲಕಕ್ಕೆ ಗೋಡೆಯೇ ಇರುವುದಿಲ್ಲವಲ್ಲ ಎಂಬ ಚಿಂತೆ ಬೇಡ, ಕಂಬಗಳಿವೆ. ಬೇಸಿಗೆ ರಜೆಯಲ್ಲಿ ಕೆಲಸ ಹಿಡಿದರೆ ಮುಂಗಾರಿಗೆ ಮೊದಲೇ ಮುಗಿಯುತ್ತದೆ. ಸ್ಥಳವೂ ಹುಡುಕಬೇಕಾಗಿಲ್ಲ, ಪ್ರಸಾದನಿಲಯದ ಹಿಂದಿನ ಹುಣಸೆ ಮರದ ಬದಿಗೆ ಸದಾ ಗಾಳಿಯಾಡುತ್ತದೆ.