ಸೆಟ್ ಹಾಕೋದು ದಂಡ ಅಂತ ಯಾರು ಹೇಳಿದ್ದು?

"ಈ ಕಾಲದಲ್ಲೂ ಒಂದು ಫೋಟೋಗೋಸ್ಕರ ಯಾರಾದ್ರೂ ಸೆಟ್ ಹಾಕ್ತಾರಾ? ಎಐಗೆ ನಾಲ್ಕು ಸಾಲು ಬರೆದುಕೊಟ್ರೆ ಎರಡು ನಿಮಿಷದ ಕೆಲಸ!"

ಫ್ಯಾಷನ್ ಫೋಟೋಗಳ ಮಾತು ಬಂದಾಗಲೆಲ್ಲ ನಮ್ಮ ಸಾಫ್ಟ್‌ವೇರ್ ಮಂದಿ ಹೊಡೆಯುವ ಡೈಲಾಗು ಇದು. ಹೇಳುವವರೆಲ್ಲ ನನ್ನ ಹಾಗೆ ಕೀಬೋರ್ಡು ಕುಟ್ಟಿ ಹೊಟ್ಟೆ ಹೊರೆಯುವವರು. ಬಡಗಿಯ ಪಕ್ಕ ಅರ್ಧ ಗಂಟೆ ನಿಂತು ನೋಡಿದವರೂ ಅಲ್ಲ. ಅದಕ್ಕೇ ಇಷ್ಟು ಉರಿ ನನಗೆ.

ಬ್ರಿಟನ್ನಿನ ಟಿಮ್ ವಾಕರ್ ತೆಗೆದ ಫೋಟೋಗಳನ್ನು ನೋಡಿದ್ದೀರಾ? ರೂಪದರ್ಶಿಯ ಪಕ್ಕ ದೈತ್ಯ ಗೊಂಬೆ, ಹಳೇ ಬಂಗಲೆಯೊಳಗೆ ಬಂದು ಬಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ... ಇವು ಫೋಟೋಶಾಪಿನಲ್ಲಿ ಅಂಟಿಸಿದ್ದಲ್ಲ ಸ್ವಾಮಿ, ಕೈಯಾರೆ ಕಟ್ಟಿದ್ದು. 2012ರಲ್ಲಿ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಅವರ ಪ್ರದರ್ಶನ ನಡೆದಾಗ ಗೊಂಬೆಗಳನ್ನೂ ವಿಮಾನವನ್ನೂ ಫೋಟೋಗಳ ಜೊತೆಗೇ ತಂದಿಟ್ಟಿದ್ದರು.

ಇಂಥದ್ದೊಂದು ಸೆಟ್ ಏಳಬೇಕಾದರೆ ಮೊದಲು ಸ್ಕೆಚ್ಚು, ಆಮೇಲೆ ರಟ್ಟಿನ ಪುಟ್ಟ ಮಾದರಿ. ಮರದ ಚೌಕಟ್ಟಿಗೆ ಪ್ಲೈವುಡ್ ಹೊಡೆಯುವವರು, ಹೊಸ ಗೋಡೆಗೆ ನೂರು ವರ್ಷದ ಪಾಚಿ ಬರಿಸುವ ಪೇಂಟರ್‌ಗಳು, ದೀಪ ಕಟ್ಟುವವರು, ಇಸ್ತ್ರಿ ಮಾಡುವವರು. ಗೋಡೆಯ ಬಣ್ಣಕ್ಕೆ ತಾಗಿದ ಬೆಳಕು ಹಾಗೇ ಚಿಮ್ಮಿ ಬಟ್ಟೆಯ ಮೇಲೂ ಮುಖದ ಮೇಲೂ ಬೀಳುತ್ತದೆ. ಕಡಿದಾದ ಮೆಟ್ಟಿಲ ಮೇಲೆ ನಿಂತವಳ ಮೈ ತಾನಾಗಿಯೇ ಬಿಗಿಯಾಗುತ್ತದೆ, ಸೆರಗಿನ ತುದಿ ತನ್ನ ಭಾರಕ್ಕೇ ಜೋಲುತ್ತದೆ. ಫೋಟೋಗೆ ಜೀವ ಬರುವುದು ಇದರಿಂದ.

ಈಗ ಎರಡು ನಿಮಿಷದ ಪವಾಡಕ್ಕೆ ಬರೋಣ. 2025ರ ಆಗಸ್ಟ್ ತಿಂಗಳ ಅಮೆರಿಕದ ವೋಗ್ ಸಂಚಿಕೆಯಲ್ಲಿ ಗೆಸ್ ಕಂಪನಿಯ ಜಾಹೀರಾತು ಬಂತು. ಅದರಲ್ಲಿದ್ದ ಹುಡುಗಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಎಐ ಮಾಡಿದ್ದು ಅನ್ನುವುದನ್ನು ಮೂಲೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಹಾಕಿದ್ದರು. ಅಲ್ಲ, ಮಾರುತ್ತಿರುವುದು ಬಟ್ಟೆ ತಾನೆ? ಇಲ್ಲದ ಮೈಮೇಲೆ ಅದು ಹೇಗೆ ಕೂರುತ್ತದೆ ಅಂತ ಯಾರು ನೋಡಿದ್ದಾರೆ? ಟೆಸ್ಟಿಂಗೇ ಮಾಡದೆ ರಿಲೀಸ್ ಮಾಡಿದರೆ ನಮ್ಮ ಮ್ಯಾನೇಜರು ಸುಮ್ಮನಿರ್ತಾರಾ? :)

ಇನ್ನೊಂದು ವಿಷಯ ನಮ್ಮವರು ಬೇಕಂತಲೇ ಮರೆಯುತ್ತಾರೆ. ಎಐಗೆ ಚಿತ್ರ ಬಿಡಿಸಲು ಕಲಿಸಿದ್ದು ಏನು? ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಲೇಯಾನ್-5ಬಿ ಅನ್ನುವ ಸಂಗ್ರಹದ ಭಾಗಗಳಿಂದ. ಅದರಲ್ಲಿ ಅಂತರ್ಜಾಲದಿಂದ ಬಾಚಿದ ಸುಮಾರು 585 ಕೋಟಿ ಚಿತ್ರಗಳ ಪಟ್ಟಿ ಇತ್ತು. ಯಾರದೋ ಬೆವರಿನ ಚಿತ್ರಗಳನ್ನು ಕೇಳದೆ ತಗೊಂಡು, ಕೊನೆಗೆ ಅದೇ ಬೆವರನ್ನು "ದಂಡದ ಖರ್ಚು" ಅನ್ನುವುದು ಯಾವ ನ್ಯಾಯ?

ಸೆಟ್ ಮುರಿದ ಮೇಲೆ ಪ್ಲೈವುಡ್ ಕಸಕ್ಕೆ ಹೋಗುತ್ತದಲ್ಲ ಅಂತ ಕೇಳುವವರಿದ್ದಾರೆ. ಒಪ್ಪುವ ಮಾತು. ಅದಕ್ಕೆ ಮದ್ದು, ಹಲಗೆಯನ್ನು ಮುಂದಿನ ಸೆಟ್‌ಗೆ ಬಳಸುವುದು. ಬಡಗಿಯನ್ನು ಮನೆಗೆ ಕಳಿಸುವುದಲ್ಲ.

ಹಾಗಂತ ಫ್ಯಾಷನ್ ಪತ್ರಿಕೆಗಳೇನೂ ಸಾಚಾ ಅಲ್ಲ. ಫೋಟೋಗ್ರಾಫರ್ ಹೆಸರು ದಪ್ಪಕ್ಷರದಲ್ಲಿ, ಸೆಟ್ ಮಾಡಿದವರದ್ದು ಮಡಿಕೆಯ ಸಂದಿಯಲ್ಲಿ, ಮೊಳೆ ಹೊಡೆದವರದ್ದು ಎಲ್ಲೂ ಇಲ್ಲ! ವಾಕರ್ ಫೋಟೋಗಳಿಗೆ ವರ್ಷಗಟ್ಟಲೆ ಸೆಟ್ ಮಾಡಿದ ಶೋನಾ ಹೀತ್ ಅವರನ್ನೇ ನೋಡಿ. ಎಷ್ಟು ಜನಕ್ಕೆ ಗೊತ್ತಿತ್ತು? ಅವರು 'ಪೂರ್ ಥಿಂಗ್ಸ್' ಸಿನಿಮಾಗೆ ಕೆಲಸ ಮಾಡಿ, 2024ರಲ್ಲಿ ಇನ್ನಿಬ್ಬರೊಂದಿಗೆ ಆಸ್ಕರ್ ಹಂಚಿಕೊಂಡರು. ಸಿನಿಮಾದವರು 1929ರ ಮೊದಲ ಆಸ್ಕರ್‌ನಲ್ಲೇ ಕಲಾ ನಿರ್ದೇಶನಕ್ಕೆ ಪ್ರಶಸ್ತಿ ಇಟ್ಟಿದ್ದರು. ಎಲ್ಲೂ ಹೆಸರೇ ಹಾಕದ ಮನುಷ್ಯನನ್ನು ಕೆಲಸದಿಂದ ತೆಗೆಯುವುದು ಬಹಳ ಸುಲಭ. ಅವನು ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಕೇಳುವುದು ಎರಡೇ. ಸೆಟ್ ಕಟ್ಟಿದರೆ, ಕಟ್ಟಿದವರೆಲ್ಲರ ಹೆಸರನ್ನು ಓದುವಷ್ಟು ದೊಡ್ಡದಾಗಿ ಹಾಕಿ. ಎಐನಿಂದ ಮಾಡಿದರೆ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಿ. ಕೊಳ್ಳುವವರು ನೋಡಿ ತೀರ್ಮಾನ ಮಾಡಲಿ.

ನೀವೇನಂತೀರಿ?