ಮದ್ದು ಧರ್ಮಕ್ಕೆ, ದಿನದ ಕೂಲಿ ಯಾರ ಲೆಕ್ಕಕ್ಕೆ?

ಎಚ್.ಐ.ವಿ. ಎಂಬ ಮಾತು ಬಂದರೆ ನಮ್ಮ ಲೈನು ಮನೆಗಳಲ್ಲಿ ಈಗಲೂ ಸ್ವರ ತಗ್ಗುತ್ತದೆ. ನಮ್ಮ ದೇಶದಲ್ಲಿ ಈ ರೋಗಾಣು ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಆ ದಿನಗಳಲ್ಲಿ ಮದ್ದಿರಲಿಲ್ಲ; ಜನ ಹೆದರಿದ್ದಕ್ಕೆ ಕಾರಣವಿತ್ತು. ಈಗ ಮದ್ದು ಬಂದಿದೆ. ಆದರೆ ಹೆದರಿಕೆ ಹೋಗಿಲ್ಲ.

ಸರಕಾರ ಮಾಡಿದ ಒಳ್ಳೆಯದನ್ನು ಮೊದಲು ಹೇಳುವುದು ನ್ಯಾಯ. 2004ನೇ ಇಸವಿ ಏಪ್ರಿಲ್ 1ರಿಂದ ಎ.ಆರ್.ಟಿ. ಎಂಬ ಚಿಕಿತ್ಸೆಯನ್ನು ಧರ್ಮಕ್ಕೆ ಕೊಡುವ ಏರ್ಪಾಡು ಆರಂಭವಾಯಿತು. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇರಳಕ್ಕೆ ಅದು ನಂತರ ಬಂತು. 2017ರಿಂದ, ರೋಗಾಣು ಇದೆಯೆಂದು ತಿಳಿದ ಕೂಡಲೇ ಮದ್ದು ಆರಂಭಿಸಬೇಕೆಂಬ ನಿಯಮವಾಗಿದೆ. ಕೇರಳದಲ್ಲಿ ರಕ್ತಪರೀಕ್ಷೆಯ ಕೇಂದ್ರಗಳಿಗೆ 'ಜ್ಯೋತಿಸ್' ಎಂದೂ ಚಿಕಿತ್ಸಾ ಕೇಂದ್ರಗಳಿಗೆ 'ಉಷಸ್' ಎಂದೂ ಹೆಸರು. ದಿನವೂ ತಪ್ಪದೆ ಗುಳಿಗೆ ನುಂಗಿದವರ ರಕ್ತದಲ್ಲಿ ರೋಗಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಅದು ಹಾಗೆಯೇ ಉಳಿದಷ್ಟು ಕಾಲ ದಾಂಪತ್ಯದ ಸಂಗದಿಂದ ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ಹರಡುವುದಿಲ್ಲ. ಚಿಕಿತ್ಸೆಯಿಲ್ಲದೆ ಹೋದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ರೋಗ ಬರಬಹುದು. ಚಿಕಿತ್ಸೆಯಿದ್ದರೆ ಅದು ನೂರಕ್ಕೆ 5ಕ್ಕಿಂತಲೂ ಕೆಳಗಿಳಿಯುತ್ತದೆ. ಒಟ್ಟಿಗೆ ಉಣ್ಣುವುದರಿಂದ, ಕೈ ಹಿಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ ಇದು ಬರುವುದೇ ಇಲ್ಲ.

ಇಷ್ಟೆಲ್ಲ ಇದ್ದೂ ಕೂಲಿಯವನು ಮದ್ದು ತಪ್ಪಿಸುವುದೇಕೆ? ಅಸಡ್ಡೆಯೆಂದು ಹೇಳುವವರಿದ್ದಾರೆ. ಅವರು ನಮ್ಮ ದಿನದ ಲೆಕ್ಕ ನೋಡಿದವರಲ್ಲ. ರಬ್ಬರ್ ಟ್ಯಾಪಿಂಗಿನವನಿಗೆ ಬೆಳಗಿನ ಹೊತ್ತೇ ಅನ್ನ. ಗೇರುಬೀಜ ಹೆಕ್ಕುವವಳಿಗೆ ವರ್ಷದಲ್ಲಿ ಇರುವುದು ಕೆಲವೇ ತಿಂಗಳ ಸುಗ್ಗಿ. ಅಡೂರಿನಿಂದಲೋ ಬಂದಡ್ಕದಿಂದಲೋ ಕಾಸರಗೋಡಿನ ಆಸ್ಪತ್ರೆಗೆ ಬಸ್ಸು ಹಿಡಿದು, ಸಾಲಿನಲ್ಲಿ ನಿಂತು, ಮದ್ದು ತೆಗೆದುಕೊಂಡು ಹಿಂತಿರುಗುವಾಗ ದಿನ ಮುಗಿದಿರುತ್ತದೆ. ಕೂಲಿ ಹೋಯಿತು, ಬಸ್ಸಿನ ಹಣವೂ ಹೋಯಿತು. ಮರುದಿನ ಮೇಸ್ತ್ರಿ ಕೇಳುತ್ತಾನೆ: "ತಿಂಗಳಿಗೊಮ್ಮೆ ಎಲ್ಲಿಗೆ ಹೋಗುವುದು?" ಸುಳ್ಳು ಹೇಳಬೇಕು, ಇಲ್ಲವೆ ಗುಟ್ಟು ಬಿಡಬೇಕು. ಎರಡೂ ಬೇಡವೆಂದವನು ಮದ್ದು ಬಿಡುತ್ತಾನೆ. ಬಿಟ್ಟು ಬಿಟ್ಟು ನುಂಗಿದರೆ ರೋಗಾಣು ಮದ್ದಿಗೆ ಒಗ್ಗಿಕೊಳ್ಳುತ್ತದೆ; ಆಮೇಲೆ ಬೇರೆ, ಹೆಚ್ಚು ಬೆಲೆಯ ಮದ್ದು ಬೇಕಾಗುತ್ತದೆ. ಒಂದು ದಿನದ ಕೂಲಿ ಉಳಿಸಿಕೊಡದಿದ್ದಕ್ಕೆ ಸರಕಾರವೂ ನಷ್ಟ ತೆರುತ್ತದೆ.

ಗಡಿಯ ಸಂಗತಿ ಬೇರೆಯೇ ಇದೆ. ಮಂಜೇಶ್ವರದ ಕಡೆಯವರಿಗೆ ಮಂಗಳೂರು ಹತ್ತಿರ. ಊರಿನವರ ಕಣ್ಣಿಗೆ ಬೀಳಬಾರದೆಂದು ವೆನ್ಲಾಕ್ ಆಸ್ಪತ್ರೆಗೆ ಹೋಗುವವರೂ ಉಂಟು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಿಂದ ಆಂಬುಲೆನ್ಸುಗಳು ಹಿಂತಿರುಗಿದವು. ಚಿಕಿತ್ಸೆ ಸಿಗದೆ ಜೀವ ಕಳೆದುಕೊಂಡವರಿದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆಜ್ಞೆ ಮಾಡಬೇಕಾಯಿತು. ಅದೇ ಸಮಯದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಎರಡು ಮೂರು ತಿಂಗಳ ಮದ್ದನ್ನು ಒಟ್ಟಿಗೆ ಕೊಡಲು, ಹತ್ತಿರದ ಬೇರೆ ಕೇಂದ್ರದಿಂದಲೂ ಪಡೆಯಲು ದಾರಿ ಮಾಡಿತು. ಕಷ್ಟಕಾಲದಲ್ಲಿ ಸಾಧ್ಯವಾದದ್ದು ಸುಖಕಾಲದಲ್ಲಿ ಏಕೆ ಎಲ್ಲರ ಪಾಲಿಗೂ ಬರಬಾರದು? ಆದರೆ ಮೂರು ತಿಂಗಳ ಮದ್ದು ಕೊಡಬೇಕಾದರೆ ದಾಸ್ತಾನು ಇರಬೇಕು. 2022ರಲ್ಲಿ ಮದ್ದಿನ ಕೊರತೆಯಾಗಿ ರೋಗಿಗಳು ದೆಹಲಿಯಲ್ಲಿ ಆ ಸಂಸ್ಥೆಯ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕುಳಿತದ್ದನ್ನು ಮರೆಯಬಾರದು.

ಭಾಷೆಯ ಮಾತೂ ಉಂಟು. ಗುಳಿಗೆ ಯಾವಾಗ ನುಂಗಬೇಕು, ಮೈ ತುರಿಸಿದರೆ ಏನು ಮಾಡಬೇಕು, ಹೆಂಡತಿಗೆ ಹೇಗೆ ಹೇಳಬೇಕು ಎಂಬುದನ್ನು ಅರ್ಧ ತಿಳಿದ ಭಾಷೆಯಲ್ಲಿ ಕೇಳಲಾಗದು. ನೆರೆಯವನನ್ನು ದುಭಾಷಿಯಾಗಿ ಕರೆದೊಯ್ದರೆ ಗುಟ್ಟು ಅಲ್ಲಿಗೇ ಮುಗಿಯಿತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರ ಭಾಷೆಗೆ ಸರಕಾರಿ ವ್ಯವಹಾರದಲ್ಲಿ ಸ್ಥಾನ ಕೊಟ್ಟಿದೆ. ಅರ್ಜಿಗೆ ಸಲ್ಲುವ ಭಾಷೆ ರೋಗಿಗೆ ಸಲಹೆ ಕೊಡುವ ಕೋಣೆಯಲ್ಲಿಯೂ ಸಲ್ಲಬೇಕು.

ನಮ್ಮ ಜಿಲ್ಲೆಗೆ ಒಂದು ಪಾಠ ಮೊದಲೇ ಆಗಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ 2000ದಲ್ಲಿ ನಿಂತಿತು. ಆಮೇಲೆ ವೈದ್ಯಶಿಬಿರ, ಪಟ್ಟಿ, ಪಿಂಚಣಿ ಬಂದದ್ದು ಜನ ಬೀದಿಗಿಳಿದ ಮೇಲೆ. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ರಾಜ್ಯವನ್ನು ಪುನಃ ಗದರಿಸಬೇಕಾಯಿತು. ಕೇಳುವವರಿಲ್ಲದಿದ್ದರೆ ಯೋಜನೆ ಕಡತದಲ್ಲಿಯೇ ಮಲಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಎಂಡೋಸಲ್ಫಾನ್ ಪೀಡಿತರು ಮಕ್ಕಳನ್ನು ಎತ್ತಿಕೊಂಡು ಬೀದಿಯಲ್ಲಿ ನಿಂತರು. ಎಚ್.ಐ.ವಿ. ಇರುವವರು ಹಾಗೆ ನಿಲ್ಲಲಾರರು. ಅವರ ಪರವಾಗಿ ನಾವೇ ಕೇಳಬೇಕು, ಯಾರ ಹೆಸರನ್ನೂ ಹೇಳದೆ ಕೇಳಬೇಕು.

ಕೇಳುವುದಕ್ಕೆ ಕಾನೂನಿನ ಬಲವಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯಂತೆ, ಈ ಕಾರಣಕ್ಕೆ ಯಾರನ್ನೂ ಅನ್ಯಾಯವಾಗಿ ಕೆಲಸದಿಂದ ತೆಗೆಯಕೂಡದು, ಶಾಲೆಯಿಂದ, ಆಸ್ಪತ್ರೆಯಿಂದ ಹೊರಗಿಡಕೂಡದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು. ನೂರು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿಯೊಬ್ಬನನ್ನು ನೇಮಿಸಬೇಕು. ತೋಟಕ್ಕೂ ಇದು ಅನ್ವಯಿಸುತ್ತದೆ. ಆದರೆ ಚಿಕಿತ್ಸೆ ಒದಗಿಸುವ ವಿಷಯಕ್ಕೆ ಬಂದಾಗ ಅದೇ ಕಾಯ್ದೆ "ಸಾಧ್ಯವಾದಷ್ಟು ಮಟ್ಟಿಗೆ" ಎಂದು ಜಾರಿಕೊಂಡಿದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಕ್ರಮವಾಗಿ ಮದ್ದು ತೆಗೆದುಕೊಳ್ಳುವವರಿಗೆ ಮೂರು ತಿಂಗಳ ಮದ್ದು ಒಟ್ಟಿಗೆ ಸಿಗಬೇಕು, ಸಾಧ್ಯವಿದ್ದಲ್ಲಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಸಿಗಬೇಕು. ಎರಡು: ಚಿಕಿತ್ಸೆಗೆ ಹೋದ ದಿನವನ್ನು ಕೂಲಿಸಹಿತ ಕಾಯಿಲೆ ರಜೆಯಾಗಿ ಬರೆಯಬೇಕು, ಡಾಕ್ಟರರ ಚೀಟಿಯಲ್ಲಿ ರೋಗದ ಹೆಸರು ಇರಕೂಡದು. ಮೂರು: ಕನ್ನಡ ಬಲ್ಲ ಸಲಹೆಗಾರರು ಬೇಕು. ನಾಲ್ಕು: ಗಡಿಯಾಚೆ ಮದ್ದು ಪಡೆಯುವವರ ಬಗ್ಗೆ ಎರಡು ರಾಜ್ಯಗಳೂ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು, ಇನ್ನೊಂದು ತಲಪಾಡಿ ಆಗಬಾರದು.

ಪ್ರಿಯರೇ, ಸರಕಾರದಿಂದ ಆಗದ ಒಂದು ಕೆಲಸ ನಮ್ಮ ಕೈಯಲ್ಲಿದೆ. ಲೈನಿನಲ್ಲಿ ಯಾರು ಯಾವ ಮದ್ದು ನುಂಗುತ್ತಾರೆಂದು ವಿಚಾರಿಸುವ ಚಪಲವನ್ನು ಬಿಡೋಣ. ತಿಳಿದರೆ ನಮ್ಮಲ್ಲಿಯೇ ಇಟ್ಟುಕೊಳ್ಳೋಣ. ಗರ್ಭಿಣಿಯರನ್ನು ತಡಮಾಡದೆ ಪರೀಕ್ಷೆಗೆ ಹೋಗಲು ಪ್ರೋತ್ಸಾಹಿಸೋಣ. ಸಂಶಯವಿದ್ದವರು 1097ಕ್ಕೆ ಫೋನು ಮಾಡಬಹುದು, ಅದಕ್ಕೆ ಹಣವಿಲ್ಲ. ಕುಷ್ಠರೋಗಿಯನ್ನು ಮುಟ್ಟಿದ ಕರ್ತನ ಹೆಸರು ಹೇಳುವ ನಾವು, ಪಕ್ಕದ ಮನೆಯವರ ಚಹಾದ ಲೋಟಕ್ಕೆ ಹೆದರುವುದು ಸಲ್ಲದು.