ಸೋಫಾ ಕಮ್ ಬೆಡ್: ಕೂತು ನೋಡಿದರೆ ಸಾಲದು

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ವರ್ಷ ಮನೆ ಕಟ್ಟಿಸುವವರೇ ಹೆಚ್ಚು. ಬುತ್ತಿ ಬಿಚ್ಚಿದರೆ ಸಾಕು, ಕೆಂಪುಕಲ್ಲಿನ ಕ್ರಯ, ಟೈಲ್ಸಿನ ಬಣ್ಣ, ಬ್ಯಾಂಕಿನ ಕಂತು, ಇದೇ ಮಾತು. ಕಳೆದ ವಾರ ಹೊಸಮನೆಯ ಒಕ್ಕಲು ಮುಗಿಸಿದ ಟೀಚರೊಬ್ಬರು, "ಮಾಷ್ಟ್ರೇ, ಹಾಲಿಗೊಂದು ಸೋಫಾ ಕಮ್ ಬೆಡ್ ತೆಗೆಯುವ ಅಂತ ಇದ್ದೇವೆ. ನಿಮ್ಮಲ್ಲಿ ಉಂಟಲ್ಲ, ಹೇಗುಂಟು?" ಎಂದು ಕೇಳಿದರು. ಅಷ್ಟರಲ್ಲಿ ಬೆಲ್ ಆಯಿತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲಿ ಈಗಿರುವುದು ಎರಡನೆಯದು. ಮೊದಲನೆಯದರ ಕತೆ ಹೇಳದೆ ಇದು ಅರ್ಥವಾಗುವುದಿಲ್ಲ. ಗಂಡ ಹೆಂಡತಿ ಇಬ್ಬರ ಸಂಬಳದಲ್ಲಿ ನಾವು ಕಟ್ಟಿದ್ದು ಎರಡು ಕೋಣೆಯ ಮನೆ. ಹಳೆಮನೆಯಲ್ಲಾದರೆ ಚಾವಡಿ ಇತ್ತು. ಎಷ್ಟು ಜನ ಬಂದರೂ ಮುಂಡುಗದ ಚಾಪೆ ಬಿಡಿಸಿದರೆ ಮುಗಿಯಿತು. ಹೊಸಮನೆಯಲ್ಲಿ ಚಾವಡಿ ಇಲ್ಲ, ನೆಂಟರು ಮಾತ್ರ ಕಡಿಮೆಯಾಗಿಲ್ಲ. ಆಸ್ಪತ್ರೆಗೆಂದು ಬರುವ ಮಾವ, ಕಲೋತ್ಸವದ ಯಕ್ಷಗಾನ ಸ್ಪರ್ಧೆಯ ಹಿಂದಿನ ರಾತ್ರಿ ಬಂದಿಳಿಯುವ ಅಕ್ಕನ ಮಗ, ಎಲ್ಲರೂ ಹಾಲಿನಲ್ಲೇ ಮಲಗಬೇಕು. ಹಾಗಾಗಿ ಪೇಟೆಯ ಶೋರೂಮೊಂದಕ್ಕೆ ಹೋಗಿ, ಐದು ನಿಮಿಷ ಕೂತು, ಕಾಫಿ ಬಣ್ಣ ಚೆನ್ನಾಗಿದೆ ಎಂದು 28,000 ರೂಪಾಯಿ ಕೊಟ್ಟು ತಂದೆವು. ಬೆನ್ನನ್ನು ಹಿಂದಕ್ಕೆ ತಳ್ಳಿದರೆ ಟಕ್ಕೆಂದು ಮಲಗುವ ಜಾತಿಯದು.

ಆಟಿಯಲ್ಲಿ ಅಮ್ಮ ಬಂದರು. ಹದಿನೈದು ದಿನ ಇರುತ್ತೇನೆ ಎಂದು ಬಂದವರು. ಸೋಫಾದ ಎತ್ತರ ನೆಲದಿಂದ 13 ಇಂಚು. ಮಂಡಿನೋವಿನ ಅಮ್ಮನಿಗೆ ರಾತ್ರಿ ಏಳಬೇಕಾದರೆ ಟೀಪಾಯಿ ಹಿಡಿಯಬೇಕು. ಕೂರುವ ಭಾಗಕ್ಕೂ ಒರಗುವ ಭಾಗಕ್ಕೂ ನಡುವಿನ ಸಂದು ಬೆನ್ನಿನ ಉದ್ದಕ್ಕೂ ಒತ್ತುತ್ತದೆ. ನಾವು ದಿನಾ ಕೂತು ಕೂತು ಒಂದು ಬದಿ ತಗ್ಗಿದ್ದರಿಂದ ಮಲಗಿದವರು ಆ ಕಡೆಗೇ ಜಾರುತ್ತಾರೆ. "ಇದು ಕಮ್ ಬೆಡ್ಡಲ್ಲ ಮಗಾ, ಕಮ್ಮಿ ಬೆಡ್ಡು" ಎಂದು ಅಮ್ಮ ನಗಾಡಿದರು. ನಾವೂ ನಗಾಡಿದೆವು. ನಾಲ್ಕನೆಯ ದಿನ ಬೆಳಿಗ್ಗೆ, ದನಕ್ಕೆ ಹುಲ್ಲು ಹಾಕುವವರಿಲ್ಲ ಎಂದು ಚೀಲ ಕಟ್ಟಿದರು. ಹಟ್ಟಿಯಲ್ಲಿ ದನ ಇಲ್ಲದೆ ಆಗಲೇ ಎರಡು ವರ್ಷವಾಗಿತ್ತು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಇದನ್ನು ಮಂಚವೆಂದೇ ಆರಿಸಬೇಕು, ಸೋಫಾ ಆಮೇಲೆ. ಅಂಗಡಿಯಲ್ಲಿ ನಮ್ಮನ್ನು ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ಮಲಗಿ ನೋಡಿ ಎಂದು ಯಾರೂ ಹೇಳುವುದಿಲ್ಲ. ನಾಚಿಕೆ ಬಿಟ್ಟು ಕಾಲು ಗಂಟೆ ಮಲಗಿ. ಅದರಲ್ಲಿ ಮಲಗುವವರು ಅತ್ತೆಯೋ ಅಮ್ಮನೋ ಆದರೆ ಅವರನ್ನೇ ಕರೆದುಕೊಂಡು ಹೋಗಿ. ಬಿಡಿಸುವುದನ್ನೂ ಸೇಲ್ಸ್‌ಮನ್ ಕೈಯಿಂದ ಮಾಡಿಸಬೇಡಿ. ಅಮೆರಿಕದಲ್ಲಿ ಕ್ಯಾಸ್ಟ್ರೋ ಎಂಬ ಸೋಫಾ ಕಂಪೆನಿಯವನು 1940ರ ದಶಕದ ಕೊನೆಯಲ್ಲಿ, ತನ್ನ ಪುಟ್ಟ ಮಗಳು ಸೋಫಾ ಬಿಡಿಸುವುದನ್ನೇ ಟಿ.ವಿ. ಜಾಹೀರಾತಿನಲ್ಲಿ ತೋರಿಸಿದ್ದನಂತೆ. ಜಾಹೀರಾತಾದರೂ ಪರೀಕ್ಷೆ ಸರಿಯಾದದ್ದೇ. ಮನೆಯಲ್ಲಿ ಕೈಬಲ ಕಡಿಮೆ ಇರುವವರು ಒಬ್ಬರೇ ಬಿಡಿಸಿ ಮಡಚಲಿ.

ನಮ್ಮ ಪೇಟೆಗಳಲ್ಲಿ ಸಿಗುವುದು ಹೆಚ್ಚಾಗಿ ಮೂರು ಬಗೆ. ಟಕ್ಕೆನ್ನುವುದರ ಬಗ್ಗೆ ಹೇಳಿಯಾಯಿತು. ಹೊಟ್ಟೆಯೊಳಗೆ ಕಬ್ಬಿಣದ ಚೌಕಟ್ಟು ಮಡಚಿಟ್ಟದ್ದು ನೋಡಲು ಚಂದ, ಆದರೆ ಒಳಗೆ ಮಡಚಬೇಕಾದ್ದರಿಂದ ಹಾಸಿಗೆ ತೆಳು, ಸೊಂಟದ ಕೆಳಗಿನ ಅಡ್ಡಪಟ್ಟಿ ಬೆಳಗಿನವರೆಗೆ ನೆನಪಿಸುತ್ತಿರುತ್ತದೆ. ಮೂರನೆಯದು ಡ್ರಾಯರಿನಂತೆ ಮುಂದಕ್ಕೆ ಎಳೆಯುವ ಮರದ ಪಟ್ಟಿಗಳದ್ದು. ಹಿಂಜು ಕಡಿಮೆ, ಕೆಡುವುದಕ್ಕೆ ಹೆಚ್ಚೇನಿಲ್ಲ, ಮೇಲೆ ಇಡಿಯ ಒಂದೇ ಹಾಸಿಗೆ ಹಾಸಬಹುದು. ನಮ್ಮ ಮತ ಇದಕ್ಕೇ.

ಮರದ ವಿಷಯದಲ್ಲಿ ಬಿಗಿಯಾಗಿರಿ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಗೆದ ಬಟ್ಟೆಯೇ ಮೂರು ದಿನ ಒಣಗದ ಊರಿನಲ್ಲಿ ಮರದ ಹುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ತೇವ ಹೀರಿ ಊದುತ್ತದೆ, ಸ್ಕ್ರೂ ಸಡಿಲುತ್ತದೆ, ಮತ್ತೆ ಬಿಗಿ ಮಾಡಿದರೂ ಹಿಡಿಯುವುದಿಲ್ಲ. ನಮ್ಮದು ಎರಡನೆಯ ಮಳೆಗಾಲಕ್ಕೇ ಒಂದು ಕಾಲು ಬಾಗಿಸಿತು. ಅಡಿಭಾಗವನ್ನು ಮಗುಚಿ ನೋಡದೆ ದುಡ್ಡು ಕೊಡಬೇಡಿ. ಪ್ಲೈವುಡ್ ಎಂದು ಹೇಳಿದರೆ ಮುದ್ರೆ ಕೇಳಿ. ಐಎಸ್ 710 ಇದ್ದರೆ ಅದು ನೀರು ತಡೆಯುವ ಮರೈನ್ ಪ್ಲೈವುಡ್. ತೇಗ ದುಬಾರಿ. ಹಲಸು, ಹೆಬ್ಬಲಸು ಚೆನ್ನಾಗಿ ಒಣಗಿದ್ದರೆ ನಮ್ಮ ಹವೆಗೆ ಬಾಳುತ್ತವೆ. ರಬ್ಬರ್ ಮರವನ್ನು ಮದ್ದು ಹಾಕಿ ಸಂಸ್ಕರಿಸಿದ್ದರೆ ಮಾತ್ರ ತೆಗೆದುಕೊಳ್ಳಿ, ಇಲ್ಲವಾದರೆ ಹುಳ ಬೀಳುತ್ತದೆ. ಪಟ್ಟಿಗಳ ನಡುವೆ ಎರಡು ಬೆರಳು ಸಂದು ಇರಲಿ. ಅಡಿಯಿಂದ ಗಾಳಿಯಾಡಿದರೆ ಹಾಸಿಗೆಗೆ ಬೂಸ್ಟು ಹಿಡಿಯುವುದು ಕಡಿಮೆ.

ಫೋಮ್ ಹಾಸಿಗೆಯಾದರೆ ಸಾಂದ್ರತೆ ಕೇಳಿ. ಒಂದು ಘನ ಮೀಟರಿಗೆ 40 ಕಿಲೋದ್ದು ದಿನಬಳಕೆಗೆ ಬಾಳುತ್ತದೆ, 20ರ ಆಸುಪಾಸಿನದು ಬೇಗ ಕುಸಿಯುತ್ತದೆ. (ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಇದನ್ನು ವಿಜ್ಞಾನದ ಮಾಷ್ಟ್ರಾದ ನಾವೇ ಅಂಗಡಿಯಲ್ಲಿ ಮರೆತಿದ್ದೆವು.) ಬೆನ್ನುನೋವಿನವರಿಗೆ ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಸಿಗೆ, ಮೇಲೊಂದು ತೆಳು ಹತ್ತಿಯದ್ದು ಹಾಸಿದರೆ ನಮ್ಮ ಅನುಭವದಲ್ಲಿ ಹಿತ. ಎತ್ತರ ಹಾಸಿಗೆ ಸೇರಿ 17-18 ಇಂಚು. ಉದ್ದ ಎರಡು ಕೈಗಳ ಒಳಗೇ 75 ಇಂಚು. ಹೊರಗಿನಿಂದ ಅಳೆದರೆ ಮೋಸಹೋಗುತ್ತೀರಿ.

ಎರಡನೆಯದನ್ನು ನಾವು ಊರಿನ ಆಚಾರಿಯಿಂದ ಹೆಬ್ಬಲಸಿನಲ್ಲಿ ಮಾಡಿಸಿದೆವು. ಮೊದಲಿನದಕ್ಕಿಂತ ಹೆಚ್ಚು ಖರ್ಚಾಯಿತು, ಎರಡು ತಿಂಗಳು ಕಾಯಬೇಕಾಯಿತು, ಇಬ್ಬರು ಸೇರಿದರೂ ಎತ್ತುವುದು ಕಷ್ಟ. ಬಾಡಿಗೆ ಮನೆಯಲ್ಲಿದ್ದು ವರ್ಗಾವಣೆಯ ಹೆದರಿಕೆಯಲ್ಲಿರುವ ಕಿರಿಯ ಮಾಷ್ಟ್ರುಗಳಿಗೆ ಇದನ್ನು ಹೇಳಲಾರೆವು. ಅವರಿಗೆ ಒಂದು ಹಗುರ ಮಂಚ, ನಾಲ್ಕು ಕುರ್ಚಿ ಸಾಕು. ಅರೆಬರೆ ಸೋಫಾ ಕಮ್ ಬೆಡ್ಡಿಗಿಂತ ಅದೇ ಮೇಲು.

ಅಮ್ಮ ಈ ಸಲ ಒಂಬತ್ತು ದಿನ ಇದ್ದರು. ಹದಿನೈದು ಆಗಲಿಲ್ಲ.

ಕೇಳಿದ ಟೀಚರ ಅತ್ತೆಗೂ ಮಂಡಿನೋವಂತೆ. ಈ ಶನಿವಾರ ಅವರನ್ನೂ ಕರೆದುಕೊಂಡೇ ಅಂಗಡಿಗೆ ಹೋಗುತ್ತಾರಂತೆ. ಅಳತೆಯ ಟೇಪು ನಾವು ಕೊಟ್ಟಿದ್ದೇವೆ.